ಡಬ್ಬಿಯನ್ನು ಕಾಳಿನಿಂದ ಶುರು ಮಾಡಿ

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಗೆಳತಿಯ ಜೊತೆ ರೂಮು ಮಾಡಿಕೊಂಡಿದ್ದೇನೆ. ಒಂದು ಇಂಡಕ್ಷನ್ ಒಲೆ, 3 ಲೀಟರಿನ ಕುಕ್ಕರ್, ಮಿಕ್ಸಿ, ಚಿಕ್ಕ ಫ್ರಿಜ್ ಇದೆ. ಬೆಳಿಗ್ಗೆ 8ಕ್ಕೆ ಮನೆ ಬಿಡಬೇಕು. ಹಾಗಾಗಿ ಒಂದು ವರ್ಷದಿಂದ ಮಧ್ಯಾಹ್ನಕ್ಕೆ ದಿನಾ ಎರಡು ಸ್ಯಾಂಡ್‌ವಿಚ್: ಬ್ರೆಡ್ಡು, ಮಯೊನೀಸ್, ಸೌತೆಕಾಯಿ, ಟೊಮೆಟೊ. ನಾಲ್ಕು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟುತ್ತದೆ, ಕೆಳಗಿನ ಬೇಕರಿಗೆ ಓಡಿ ಪಫ್ ತಿಂದು ಟೀ ಕುಡಿಯುತ್ತೇನೆ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.8 ಬಂತು. ಮಾಂಸ ತಿನ್ನುವುದಿಲ್ಲ, ಮೊಟ್ಟೆ ತಿನ್ನುತ್ತೇನೆ. ಆಫೀಸಿನಲ್ಲಿ ಊಟ ಬಿಸಿ ಮಾಡಿಕೊಳ್ಳುವ ಅನುಕೂಲ ಇಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕಿನೋವಾ, ಅವಕಾಡೊ ಅಂತಲೇ ಬರುತ್ತದೆ. ದಿನಕ್ಕೆ 50 ರೂಪಾಯಿ ಒಳಗೆ ಒಳ್ಳೆಯ ಊಟ ಕಟ್ಟಿಕೊಳ್ಳಲು ಆಗುತ್ತದಾ?

ಉತ್ತರ: ಆಗುತ್ತದೆ. ಹಣವೂ ಸ್ವಲ್ಪ ಉಳಿಯುತ್ತದೆ. ಆದರೆ ಮೊದಲು ನಿಮ್ಮ ಸ್ಯಾಂಡ್‌ವಿಚ್ಚಿನ ಲೆಕ್ಕ ನೋಡೋಣ.

ನಾಲ್ಕು ಸ್ಲೈಸ್ ಬ್ರೆಡ್ಡು, ಮಯೊನೀಸ್, ನಾಲ್ಕು ಬಿಲ್ಲೆ ಸೌತೆಕಾಯಿ, ಅರ್ಧ ಟೊಮೆಟೊ. ಎಲ್ಲ ಸೇರಿ ಹೆಚ್ಚೆಂದರೆ 25ರಿಂದ 30 ರೂಪಾಯಿ. ಅಗ್ಗ ಅನ್ನಿಸುತ್ತದೆ ಅಲ್ವಾ? ಆದರೆ ನಾಲ್ಕು ಗಂಟೆಗೆ ಬೇಕರಿಯಲ್ಲಿ ಕೊಡುವ 40 ರೂಪಾಯಿ ಇದೆಯಲ್ಲ, ಅದೂ ಸ್ಯಾಂಡ್‌ವಿಚ್ಚಿನ ಬಿಲ್ಲೇ. ಮಧ್ಯಾಹ್ನ ಹೊಟ್ಟೆ ತುಂಬಿದ್ದರೆ ಆ ಪಫ್ ಬೇಕಾಗುತ್ತಿರಲಿಲ್ಲ. ಹಾಗೆ ನೋಡಿದರೆ ನಿಮ್ಮ ಊಟಕ್ಕೆ ಈಗಲೇ ದಿನಕ್ಕೆ 65–70 ರೂಪಾಯಿ ಆಗುತ್ತಿದೆ.

ಹೊಟ್ಟೆ ಯಾಕೆ ನಿಲ್ಲುತ್ತಿಲ್ಲ? ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಪ್ರೋಟೀನ್ ಇರುತ್ತದೆ. ನಾಲ್ಕಕ್ಕೆ 8 ಗ್ರಾಂ. ಮಯೊನೀಸ್ ಅಂದರೆ ಬಹುಪಾಲು ಎಣ್ಣೆ. ಸೌತೆಕಾಯಿ, ಟೊಮೆಟೊ ಬಹುಪಾಲು ನೀರು. ಐಸಿಎಂಆರ್–ಎನ್ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ, ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ನೀವು 55 ಕಿಲೋ ಇದ್ದೀರಿ ಅಂದುಕೊಳ್ಳೋಣ. ದಿನಕ್ಕೆ 46 ಗ್ರಾಂ ಹತ್ತಿರ ಆಯಿತು. ಮಧ್ಯಾಹ್ನದ ಊಟದಲ್ಲಿ ಅದರ ಮೂರನೇ ಒಂದು ಭಾಗವಾದರೂ, ಅಂದರೆ 15 ಗ್ರಾಂ ಬೇಡವೇ? ನಿಮಗೆ ಸಿಗುತ್ತಿರುವುದು ಅದರ ಅರ್ಧ. ನಾರಿನಂಶವೂ ಕಡಿಮೆ. ಮೈದಾ ಬೇಗ ಕರಗಿ ಹೋಗುತ್ತದೆ, ಹೊಟ್ಟೆ ಮತ್ತೆ ಖಾಲಿ.

ಬ್ರೌನ್ ಬ್ರೆಡ್ ತರುತ್ತೇನೆ ಅನ್ನಬೇಡಿ. ಕಂದು ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ. ಪ್ಯಾಕೆಟ್ಟಿನ ಹಿಂದೆ ಸಾಮಗ್ರಿಗಳ ಪಟ್ಟಿ ಇರುತ್ತದೆ, ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಅಲ್ಲಿ ಮೊದಲನೆಯ ಹೆಸರು 'ರಿಫೈನ್ಡ್ ವೀಟ್ ಫ್ಲೋರ್' ಅಂತಿದ್ದರೆ ಅದು ಮೈದಾನೇ, ಮುಂಭಾಗದಲ್ಲಿ ಎಷ್ಟು ಗೋಧಿ ತೆನೆಯ ಚಿತ್ರ ಹಾಕಿದ್ದರೂ.

ಇನ್ನು ಪರಿಹಾರ. ನನ್ನ ಹತ್ತಿರ ಬರುವ ಹುಡುಗ ಹುಡುಗಿಯರೆಲ್ಲ ಕೇಳುವುದು 'ದಿನಕ್ಕೊಂದು ಹೊಸ ರೆಸಿಪಿ ಕೊಡಿ' ಅಂತ. ನಾನು ಕೊಡುವುದಿಲ್ಲ. ದಿನಕ್ಕೊಂದು ಹೊಸದು ಮಾಡಲು ಹೊರಟವರು ಎರಡನೇ ವಾರಕ್ಕೆ ಬ್ರೆಡ್ಡಿಗೆ ವಾಪಸ್ ಬಂದಿರುತ್ತಾರೆ. ನಾನು ಹೇಳುವುದು ಒಂದೇ ಬದಲಾವಣೆ. ನಾವು ಡಬ್ಬಿ ಕಟ್ಟುವಾಗ ಅನ್ನ, ಚಪಾತಿ ಅಥವಾ ಬ್ರೆಡ್ಡಿನಿಂದ ಶುರು ಮಾಡಿ, ಆಮೇಲೆ 'ಇದಕ್ಕೆ ನೆಂಚಿಕೊಳ್ಳಲು ಏನು' ಅಂತ ಯೋಚಿಸುತ್ತೇವೆ. ಅದನ್ನು ತಿರುಗಿಸಿ. ಮೊದಲು ಕಾಳು. ಈ ವಾರ ಯಾವ ಕಾಳು ಅಂತ ತೀರ್ಮಾನವಾದರೆ ಉಳಿದದ್ದು ತಾನಾಗಿ ಕೂಡಿಕೊಳ್ಳುತ್ತದೆ.

ಹೆಸರುಕಾಳು, ಕಡಲೆಕಾಳು, ಅಲಸಂದೆ, ಮಡಿಕೆಕಾಳು, ಹುರಳಿ. ಇವು ಯಾವುದನ್ನು ತೆಗೆದುಕೊಂಡರೂ 100 ಗ್ರಾಂ ಒಣ ಕಾಳಿನಲ್ಲಿ 20 ಗ್ರಾಂ ಆಸುಪಾಸು ಪ್ರೋಟೀನ್ ಇದೆ. ನಿಮ್ಮ ಮುಷ್ಟಿ ತುಂಬ ಒಣ ಹೆಸರುಕಾಳು ಅಂದರೆ ಸುಮಾರು 40 ಗ್ರಾಂ. ಅದರಲ್ಲೇ ನಿಮ್ಮ ನಾಲ್ಕು ಸ್ಲೈಸ್ ಬ್ರೆಡ್ಡಿಗಿಂತ ಜಾಸ್ತಿ ಪ್ರೋಟೀನ್. ಬೆಲೆ 5 ರೂಪಾಯಿ ಆಸುಪಾಸು. ಕಿನೋವಾ ಕಿಲೋಗೆ ಎಷ್ಟು ಅಂತ ನೋಡಿದ್ದೀರಲ್ಲ!

ಶನಿವಾರ ರಾತ್ರಿ ಮಲಗುವ ಮುಂಚೆ 200 ಗ್ರಾಂ ಹೆಸರುಕಾಳು ತೊಳೆದು ನೆನೆಹಾಕಿ. ಭಾನುವಾರ ಬೆಳಿಗ್ಗೆ ನೀರು ಬಸಿದು, ಒದ್ದೆ ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಒಂದು ಪಾತ್ರೆಯಲ್ಲಿಟ್ಟು ಮುಚ್ಚಿ. ಸಂಜೆ ಬಟ್ಟೆ ಒಣಗಿದ್ದರೆ ನೀರು ಚಿಮುಕಿಸಿ. ರಾತ್ರಿ ಹೊತ್ತಿಗೆ ಪುಟ್ಟ ಬಿಳಿ ಮೂತಿ ಹೊರಗೆ ಬಂದಿರುತ್ತದೆ. ಅಷ್ಟು ಸಾಕು, ಉದ್ದ ಬಾಲ ಬರಲಿ ಅಂತ ಕಾಯಬೇಕಿಲ್ಲ. ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಮೂರು ದಿನ ಚೆನ್ನಾಗಿರುತ್ತದೆ. ಬುಧವಾರ ರಾತ್ರಿ ಇನ್ನೊಂದು ಕಾಳು ನೆನೆಹಾಕಿ. ಕಡಲೆಕಾಳಿಗೆ ಮೊಳಕೆ ತಾಪತ್ರಯ ಬೇಡ. ರಾತ್ರಿಯೆಲ್ಲ ನೆನೆದಿದ್ದನ್ನು ಬೆಳಿಗ್ಗೆ ನಾಲ್ಕೈದು ಕೂಗು ಕೂಗಿಸಿದರೆ ಮುಗಿಯಿತು.

ಮೊಳಕೆ ಕಾಳು ಹಸಿಯಾಗಿ ತಿಂದರೆ ಇನ್ನೂ ಒಳ್ಳೆಯದು ಅಂತ ಯಾರಾದರೂ ಹೇಳಿಯಾರು. ಡಬ್ಬಿಗೆ ಹಾಗೆ ಹಾಕಬೇಡಿ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾಗಳೂ ಚೆನ್ನಾಗಿ ಬೆಳೆಯುತ್ತವೆ, ಆಮೇಲೆ ಅದು ಐದು ಗಂಟೆ ನಿಮ್ಮ ಬ್ಯಾಗಿನಲ್ಲಿರುತ್ತದೆ. ಬಾಣಲೆಯಲ್ಲಿ ಎರಡು ಚಮಚ ನೀರು ಹಾಕಿ, ಮುಚ್ಚಿ, ಐದಾರು ನಿಮಿಷ ಬೇಯಿಸಿ. ಕಾಳು ಒಳಗಿನವರೆಗೆ ಬಿಸಿಯಾಗಿ ಬೇಯಬೇಕು, ಮುದ್ದೆಯಾಗುವುದು ಬೇಡ.

ಇದೇ ಉಸಳಿ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಚಿಟಿಕೆ ಇಂಗು, ಈರುಳ್ಳಿ ಹಾಕಿ ಒಗ್ಗರಣೆ ಕೊಟ್ಟರೆ ನಿಮ್ಮ ಅಮ್ಮ ಮಾಡುವ ರುಚಿಯೇ ಬರುತ್ತದೆ. ಒಂದು ದಿನ ಇದನ್ನು ಉಸಳಿಯಾಗಿ ಒಯ್ಯಿರಿ. ಇನ್ನೊಂದು ದಿನ ಕ್ಯಾರೆಟ್ ತುರಿ, ಸೌತೆಕಾಯಿ ಸೇರಿಸಿ ಕೋಸಂಬರಿಯ ಹಾಗೆ ಮಾಡಿಕೊಳ್ಳಿ. ಕೋಸಂಬರಿಯ ವಿಷಯದಲ್ಲಿ ಒಂದು ಗುಟ್ಟು: ಬೆಳಿಗ್ಗೆ ಉಪ್ಪು ಹಾಕಬೇಡಿ. ಉಪ್ಪು ಬಿದ್ದ ತಕ್ಷಣ ಸೌತೆಕಾಯಿ ನೀರು ಬಿಡಲು ಶುರು ಮಾಡುತ್ತದೆ, ಮಧ್ಯಾಹ್ನಕ್ಕೆ ಕೋಸಂಬರಿ ಹೋಗಿ ಸಾರಾಗಿರುತ್ತದೆ. ಒಂದು ಸಣ್ಣ ಭರಣಿಯಲ್ಲಿ ಉಪ್ಪು, ಜೊತೆಗೆ ಅರ್ಧ ಹೋಳು ನಿಂಬೆಹಣ್ಣು ಆಫೀಸಿಗೆ ಒಯ್ದು ತಿನ್ನುವ ಹೊತ್ತಿಗೆ ಬೆರೆಸಿಕೊಳ್ಳಿ. ಹಸಿ ತೆಂಗಿನತುರಿಯನ್ನೂ ಬಿಡಿ, ಬೇಸಿಗೆಯಲ್ಲಿ ಹನ್ನೆರಡು ಗಂಟೆಗೆಲ್ಲ ಹಳಸಿದ ವಾಸನೆ ಬರುತ್ತದೆ. ಬೇಕೇ ಬೇಕೆಂದರೆ ಒಣಕೊಬ್ಬರಿ ಹಾಕಿ.

ಆ ನಿಂಬೆಹಣ್ಣು ಸುಮ್ನೆ ರುಚಿಗಲ್ಲ. ನಿಮ್ಮ ಹಿಮೋಗ್ಲೋಬಿನ್ ವಿಷಯಕ್ಕೆ ಬರುತ್ತೇನೆ. ಗರ್ಭಿಣಿಯಲ್ಲದ ಹೆಣ್ಣುಮಕ್ಕಳಲ್ಲಿ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತಲೇ ಲೆಕ್ಕ. 10.8 ಗಾಬರಿ ಬೀಳುವಂಥದ್ದಲ್ಲ, ಆದರೆ ಡಬ್ಬಿ ಬದಲಾಯಿಸಿ ಸುಮ್ಮನಿರುವಂಥದ್ದೂ ಅಲ್ಲ. ವೈದ್ಯರನ್ನು ನೋಡಿ. ಕಬ್ಬಿಣದ ಮಾತ್ರೆ ಬೇಕಾ, ಬಿ12 ಪರೀಕ್ಷೆ ಮಾಡಿಸಬೇಕಾ, ಮುಟ್ಟಿನಲ್ಲಿ ಸ್ರಾವ ಜಾಸ್ತಿ ಹೋಗುತ್ತಿದೆಯಾ ಅನ್ನುವುದನ್ನೆಲ್ಲ ಅವರು ನೋಡಬೇಕು. ಊಟದ ಕೆಲಸ ನಿಧಾನದ್ದು: ಹಿಮೋಗ್ಲೋಬಿನ್ ಮತ್ತೆ ಕೆಳಗಿಳಿಯದ ಹಾಗೆ ಕಾಪಾಡುವುದು.

ಕಾಳು, ಸೊಪ್ಪು, ರಾಗಿಯಲ್ಲಿರುವ ಕಬ್ಬಿಣವನ್ನು ನಮ್ಮ ಮೈ ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಸಿ ವಿಟಮಿನ್ ಜೊತೆಗಿದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ಅದಕ್ಕೇ ನಿಂಬೆಹಣ್ಣು. ಅದನ್ನು ಒಲೆಯ ಮೇಲೆ ಹಿಂಡಬಾರದು ಅನ್ನುವುದೂ ಇದಕ್ಕೇ, ಬಿಸಿಗೆ ಸಿ ವಿಟಮಿನ್ ಹಾಳಾಗುತ್ತದೆ. ನೆಲ್ಲಿಕಾಯಿ ಕಾಲದಲ್ಲಿ ಒಂದು ನೆಲ್ಲಿಕಾಯಿ, ಇಲ್ಲವೇ ನಾಲ್ಕು ಹೋಳು ಸೀಬೆಹಣ್ಣು ಇಟ್ಟುಕೊಂಡರೂ ಆದೀತು. ಇದಕ್ಕೆ ವಿರುದ್ಧ ಕೆಲಸ ಮಾಡುವುದು ಟೀ. ಊಟದ ಜೊತೆ ಅಥವಾ ಊಟವಾದ ಕೂಡಲೇ ಟೀ ಕುಡಿದರೆ ಅದರಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ನಿಮ್ಮ ನಾಲ್ಕು ಗಂಟೆಯ ಟೀಗೆ ನನ್ನ ತಕರಾರಿಲ್ಲ, ಅದರ ಜೊತೆಗಿನ ಪಫ್ಫಿಗೆ ಮಾತ್ರ. ಅಂದಹಾಗೆ ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಹೆಚ್ಚಿಸುವುದಿಲ್ಲ, ಅದರಲ್ಲಿ ಕಬ್ಬಿಣ ಬಹಳ ಕಡಿಮೆ. ರುಚಿಗೆ ತಿನ್ನಿ, ಔಷಧಿ ಅಂತ ದಿನಾ ಜ್ಯೂಸ್ ಮಾಡಿ ಮುಖ ಸಿಂಡರಿಸಬೇಕಿಲ್ಲ.

ಕಾಳಿನ ಜೊತೆಗೆ ಏನು? ನಿಮ್ಮೂರು ದಾವಣಗೆರೆ. ಅಂದಮೇಲೆ ಖಡಕ್ ರೊಟ್ಟಿಯ ವಿಷಯ ನಾನು ನಿಮಗೆ ಹೇಳಿಕೊಡಬೇಕೇ? ಬೆಂಗಳೂರಿನಲ್ಲಿ ಈಗ ಉತ್ತರ ಕರ್ನಾಟಕದ ರೊಟ್ಟಿ ಮಾರುವ ಅಂಗಡಿಗಳು ಬಹಳಷ್ಟು ಬಡಾವಣೆಗಳಲ್ಲಿವೆ. ಇಲ್ಲವಾದರೆ ಊರಿಗೆ ಹೋದಾಗ ಒಂದು ಕಟ್ಟು ತನ್ನಿ. ತೇವ ತಾಗದ ಹಾಗೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ವಾರಗಟ್ಟಲೆ ಇರುತ್ತದೆ. ಬೆಳಿಗ್ಗೆ ಬೇಯಿಸುವ ಕೆಲಸವೇ ಇಲ್ಲ! ಜೋಳ ಸಿರಿಧಾನ್ಯವೇ, ರಾಗಿಯೂ ಅಷ್ಟೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಅಂತ ಘೋಷಿಸಿದ ಮೇಲೆ ಚಂದದ ಪ್ಯಾಕೆಟ್ಟಿನಲ್ಲಿ ದುಬಾರಿ ಬೆಲೆಗೆ ಏನೇನೋ ಬಂದವು. ನಿಮ್ಮ ಅಜ್ಜಿ ತಟ್ಟುತ್ತಿದ್ದ ರೊಟ್ಟಿ ಅವೆಲ್ಲಕ್ಕಿಂತ ಅಗ್ಗ.

ಗಟ್ಟಿ ರೊಟ್ಟಿ ಆಫೀಸಿನಲ್ಲಿ ಕಟಕಟ ಅಂತ ತಿನ್ನಲು ಮುಜುಗರವಾ? ಹೀಗೆ ಮಾಡಿ. ರೊಟ್ಟಿಯನ್ನು ಮುರಿದು ಡಬ್ಬಿಗೆ ಹಾಕಿಕೊಳ್ಳಿ. ಊಟದ ಹೊತ್ತಿಗೆ ಮೊಸರು ಹಾಕಿ, ಎರಡು ಚಮಚ ಶೇಂಗಾ ಪುಡಿ ಉದುರಿಸಿ, ಐದು ನಿಮಿಷ ಬಿಡಿ. ರೊಟ್ಟಿ ಮೊಸರು ಕುಡಿದು ಮೆತ್ತಗಾಗುತ್ತದೆ, ಅಂಚು ಮಾತ್ರ ಸ್ವಲ್ಪ ಕರುಂ ಅನ್ನುತ್ತದೆ. ಪಕ್ಕದಲ್ಲಿ ಉಸಳಿ, ಹಸಿ ಈರುಳ್ಳಿ ಅಥವಾ ಸೌತೆಕಾಯಿ. ಎರಡು ರೊಟ್ಟಿ, ಒಂದು ಮುಷ್ಟಿ ಕಾಳು, ಶೇಂಗಾ ಪುಡಿ, ಒಂದು ಬಟ್ಟಲು ಮೊಸರು ಎಲ್ಲ ಸೇರಿದರೆ ಪ್ರೋಟೀನ್ 20 ಗ್ರಾಂ ದಾಟುತ್ತದೆ. ನಮ್ಮ ಬೀದಿಯ ಅಂಗಡಿ ದರದಲ್ಲಿ ಲೆಕ್ಕ ಹಾಕಿದರೆ 40 ರೂಪಾಯಿ ಆಸುಪಾಸು. ಇದರಲ್ಲಿ ಜಾಸ್ತಿ ಖರ್ಚು ರೊಟ್ಟಿಯದೇ, ಅಂಗಡಿಯದಾದ್ದರಿಂದ. ರೊಟ್ಟಿ ಬದಲು ಅನ್ನವಾದರೆ 25ಕ್ಕೆ ಮುಗಿಯಿತು.

ಶೇಂಗಾ ಪುಡಿ ಮನೆಯಲ್ಲೇ ಮಾಡಿಕೊಳ್ಳಿ, ತಿಂಗಳಿಗೊಂದು ಸಲ ಸಾಕು. ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿಯಬೇಕು, ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿ. ಬೆಳ್ಳುಳ್ಳಿ ಎಸಳು, ಜೀರಿಗೆ, ಬ್ಯಾಡಗಿ ಮೆಣಸಿನಪುಡಿ, ಉಪ್ಪು ಹಾಕಿ ಮಿಕ್ಸಿಗೆ ಹಾಕಿ. ಆದರೆ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಶೇಂಗಾ ಎಣ್ಣೆ ಬಿಟ್ಟು ಪುಡಿ ಹೋಗಿ ಉಂಡೆಯಾಗುತ್ತದೆ. ಗುರೆಳ್ಳು ಪುಡಿ, ಅಗಸಿ ಪುಡಿ ಕೂಡ ಇದೇ ದಾರಿ. ಅಮ್ಮ ಊರಿಂದ ಕಳಿಸುತ್ತಾರೆ ಅಂದರೆ ಬಿಡಿ, ಅವರ ಕೈರುಚಿಗೆ ಯಾವ ಮಿಕ್ಸಿಯೂ ಸಮನಲ್ಲ.

ಅನ್ನದ ದಿನಗಳೂ ಇರಲಿ. ಅನ್ನವನ್ನು ಬಯ್ಯುವ ಫ್ಯಾಷನ್ ನನಗೆ ಇಷ್ಟವಿಲ್ಲ. ಚಿತ್ರಾನ್ನದ ತಪ್ಪು ಅನ್ನದ್ದಲ್ಲ, ಅದು ಡಬ್ಬಿಯಲ್ಲಿ ಒಂಟಿಯಾಗಿರುವುದು. ಚಿತ್ರಾನ್ನಕ್ಕೆ ಹತ್ತೇ ಹತ್ತು ಶೇಂಗಾ ಬೀಜ ಹಾಕುತ್ತೇವೆ, ಅದನ್ನೂ ಹುಡುಕಬೇಕು. ಅದೇ ಚಿತ್ರಾನ್ನಕ್ಕೆ ಬೆಂದ ಕಡಲೆಕಾಳು ಒಂದು ಬಟ್ಟಲು, ಶೇಂಗಾ ಒಂದು ಹಿಡಿ, ಕ್ಯಾರೆಟ್ ಅಥವಾ ಕೋಸು ಒಂದು ಹಿಡಿ ಸೇರಿಸಿ, ಅನ್ನ ಸ್ವಲ್ಪ ಕಡಿಮೆ ಮಾಡಿ. ರುಚಿ ಕೆಡುವುದಿಲ್ಲ, ಊಟ ಬೇರೆಯೇ ಆಗುತ್ತದೆ. ಪಲಾವಿಗೆ ಅಲಸಂದೆ, ಪುಳಿಯೋಗರೆಗೆ ಕಡಲೆಕಾಳು, ಟೊಮೆಟೊ ಬಾತಿಗೆ ಹಸಿ ಬಟಾಣಿ ಅಥವಾ ಅವರೆಕಾಳು. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ, ಆಗ ನೆನೆಹಾಕುವ ಕೆಲಸವೂ ತಪ್ಪುತ್ತದೆ. ಸಿಪ್ಪೆ ಬಿಡಿಸುವುದಕ್ಕೆ ರೂಮ್‌ಮೇಟನ್ನು ಕೂರಿಸಿಕೊಳ್ಳಿ.

ಮೊಸರನ್ನವನ್ನು ಮಾತ್ರ ವಿವರವಾಗಿ ಹೇಳಲೇಬೇಕು. ಬಿಸಿ ಮಾಡುವ ಅನುಕೂಲವಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ, ಆದರೆ ಬಹಳ ಜನ ಕೆಡಿಸುತ್ತಾರೆ. ಬೆಳಿಗ್ಗೆ ಅನ್ನಕ್ಕೆ ಮೊಸರು ಸುರಿದು ಕಲಸಿದರೆ ಮಧ್ಯಾಹ್ನಕ್ಕೆ ಹುಳಿ ಹೊಡೆಯುತ್ತದೆ, ಒಣಗಿ ಗಂಟಾಗುತ್ತದೆ. ಅನ್ನವನ್ನು ನೀರು ಜಾಸ್ತಿ ಹಾಕಿ ಮೆತ್ತಗೆ ಮಾಡಿ. ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಹಿಸುಕಿ, ಕಾಯಿಸಿದ ಹಾಲು ಹಾಕಿ ಕಲಸಿ. ಗಂಜಿಯಷ್ಟು ತೆಳ್ಳಗಿದ್ದರೂ ಚಿಂತೆಯಿಲ್ಲ, ಅನ್ನ ಕುಡಿಯುತ್ತದೆ. ಬೆರಳಿಟ್ಟರೆ ಉಗುರುಬೆಚ್ಚಗಿರುವಾಗ ಎರಡು ಚಮಚ ಮೊಸರು ಹಾಕಿ. ಅಷ್ಟೇ. ನೀವು ಬಸ್ಸಿನಲ್ಲಿ, ಮೀಟಿಂಗಿನಲ್ಲಿ ಇರುವಾಗ ಅದು ಡಬ್ಬಿಯೊಳಗೆ ಹೆಪ್ಪಾಗುತ್ತಿರುತ್ತದೆ. ಒಂದು ಗಂಟೆಗೆ ಮುಚ್ಚಳ ತೆಗೆದರೆ ಹುಳಿಯಿಲ್ಲದ ಗಟ್ಟಿ ಮೊಸರನ್ನ. ಶುಂಠಿ, ಕರಿಬೇವಿನ ಒಗ್ಗರಣೆ, ದಾಳಿಂಬೆ ಕಾಳು ನಿಮ್ಮಿಷ್ಟ. ಆದರೆ ಇದರಲ್ಲೂ ಪ್ರೋಟೀನ್ ಅಂಥದ್ದೇನಿಲ್ಲ, 100 ಗ್ರಾಂ ಮೊಸರಿನಲ್ಲಿ 3 ಗ್ರಾಂ ಅಷ್ಟೇ. ಆದ್ದರಿಂದ ಪಕ್ಕದ ಸಣ್ಣ ಡಬ್ಬಿಯಲ್ಲಿ ಖಾರವಾಗಿ ಹುರಿದ ಕಡಲೆಕಾಳು ಉಸಳಿ ಇರಲೇಬೇಕು. ಎರಡೂ ಸೇರಿದರೆ ಸೊಗಸು.

ಹಿಂದಿನ ರಾತ್ರಿಯ ಅನ್ನ ಬಳಸಬಹುದಾ ಅಂತ ಕೇಳುತ್ತೀರಿ, ಗೊತ್ತು. ರಾತ್ರಿ ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟಿದ್ದರೆ ಬಳಸಿ. ಕುಕ್ಕರಿನಲ್ಲೇ ಬೆಳಗಿನವರೆಗೆ ಬಿಟ್ಟಿದ್ದರೆ ಬೇಡ. ಬೆಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಹೊರಗಿದ್ದರೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೆಳಿಗ್ಗೆ ಮಾಡಿದ ಅನ್ನಕ್ಕೂ ಒಂದು ಮಾತು: ಹಬೆಯಾಡುವಾಗ ಮುಚ್ಚಳ ಹಾಕಬೇಡಿ. ತಟ್ಟೆಯಲ್ಲಿ ಹರಡಿ, ಫ್ಯಾನ್ ಕೆಳಗೆ ಹತ್ತು ನಿಮಿಷ ಇಟ್ಟು, ತಲೆ ಬಾಚಿಕೊಂಡು ಬಂದು ಆಮೇಲೆ ತುಂಬಿ.

ನುಚ್ಚಿನುಂಡೆ ಮಾಡಿ ನೋಡಿದ್ದೀರಾ? ದಾವಣಗೆರೆ ಕಡೆ ಅಷ್ಟು ಬಳಕೆ ಇಲ್ಲವೇನೋ, ಮೈಸೂರು ಕಡೆ ಮನೆಮನೆಯ ತಿಂಡಿ. ಡಬ್ಬಿಗೆ ಇದನ್ನು ಯಾರೂ ಒಯ್ಯದಿರುವುದು ನನಗೆ ಆಶ್ಚರ್ಯ. ತೊಗರಿಬೇಳೆ, ಅದರ ಅರ್ಧದಷ್ಟು ಕಡಲೆಬೇಳೆ ಮೂರು ಗಂಟೆ ನೆನೆಸಿ. ಪೂರ್ತಿ ನೀರು ಬಸಿದು, ಹಸಿಮೆಣಸಿನಕಾಯಿ, ಶುಂಠಿ ಹಾಕಿ ತರಿತರಿಯಾಗಿ ರುಬ್ಬಿ. ನೀರು ಹಾಕಿದರೆ ಉಂಡೆ ಕಟ್ಟಲು ಬರುವುದಿಲ್ಲ. ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಸಣ್ಣಗೆ ಹೆಚ್ಚಿ ಸೇರಿಸಿ, ಉಪ್ಪು ಹಾಕಿ ಮೊಟ್ಟೆಯ ಆಕಾರಕ್ಕೆ ಉಂಡೆ ಕಟ್ಟಿ. ಕುಕ್ಕರಿಗೆ ವೇಟ್ ಹಾಕದೆ 15 ನಿಮಿಷ ಹಬೆಯಲ್ಲಿ ಬೇಯಿಸಿ. ಎಣ್ಣೆ ಬೇಡ, ಆರಿದರೂ ರುಚಿ ಕೆಡುವುದಿಲ್ಲ, ಕೈಯಲ್ಲಿ ಹಿಡಿದು ತಿನ್ನಬಹುದು. ಭಾನುವಾರ ಏಳೆಂಟು ಮಾಡಿದರೆ ಎರಡು ದಿನದ ಊಟ, ಮೊಸರು ಜೊತೆಗಿದ್ದರೆ ಆಯಿತು. ಇದು ಪೂರ್ತಿ ಬೇಳೆಯೇ ಆದ್ದರಿಂದ ಮೂರ್ನಾಲ್ಕು ಉಂಡೆಗೆ ಹೊಟ್ಟೆ ಭದ್ರ. ಅದರ ಜೊತೆ ಅನ್ನ ಕಡ್ಡಾಯವಲ್ಲ.

ರಾಗಿ ರೊಟ್ಟಿ ವಾರಕ್ಕೆ ಒಮ್ಮೆಯಾದರೂ ಇರಲಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ, ನಮ್ಮ ಬೇರೆ ಯಾವ ಧಾನ್ಯವೂ ಹತ್ತಿರಕ್ಕೆ ಬರುವುದಿಲ್ಲ. ತಣ್ಣಗಾದರೆ ರಬ್ಬರಿನ ಹಾಗಾಗುತ್ತದೆ ಅನ್ನುವವರು ತಣ್ಣೀರಲ್ಲಿ ಕಲಸಿರುತ್ತಾರೆ. ಕುದಿಯುವ ನೀರಲ್ಲಿ ಕಲಸಿ, ಈರುಳ್ಳಿ, ನುಗ್ಗೆಸೊಪ್ಪು, ಒಂದು ಹಿಡಿ ಕ್ಯಾರೆಟ್ ತುರಿ ಹಾಕಿ. ತವಾ ತಣ್ಣಗಿರುವಾಗಲೇ ಅದರ ಮೇಲೆ ತಟ್ಟಿ ಆಮೇಲೆ ಒಲೆಗೆ ಇಡಿ, ಕೈ ಸುಡುವುದಿಲ್ಲ. ಜೊತೆಗೆ ಹುರಿಗಡಲೆ ಚಟ್ನಿ (ನಿಮ್ಮ ಕಡೆ ಪುಟಾಣಿ ಅನ್ನುತ್ತೀರಿ), ತೆಂಗಿನಕಾಯಿ ಇಲ್ಲದೆ, ಕೊತ್ತಂಬರಿ ಜಾಸ್ತಿ ಹಾಕಿ.

ಮೊಟ್ಟೆ ತಿನ್ನುತ್ತೀರಿ ಅಂದಿರಿ, ಅದು ದೊಡ್ಡ ಅನುಕೂಲ. ಒಂದಕ್ಕೆ 6 ಗ್ರಾಂ ಪ್ರೋಟೀನ್, ಜೊತೆಗೆ ಕಾಳಿನಲ್ಲಿ ಸಿಗದ ಬಿ12. ಅನ್ನ ಮಾಡುವ ಕುಕ್ಕರಿನಲ್ಲೇ ತೊಳೆದ ಮೊಟ್ಟೆ ಬೇರೆ ಬಟ್ಟಲಲ್ಲಿ ನೀರು ಹಾಕಿ ಇಡಿ, ಒಟ್ಟಿಗೆ ಬೇಯುತ್ತದೆ. ಸಿಪ್ಪೆ ಸುಲಿಯದೆ ಒಯ್ಯಿರಿ. ಆಫೀಸಿನಲ್ಲಿ ವಾಸನೆ ಅಂತ ಪಕ್ಕದವರು ಮೂಗು ಮುರಿದರೆ ಹೊರಗೆ ಹೋಗಿ ತಿನ್ನಿ, ಐದು ನಿಮಿಷ ಬಿಸಿಲೂ ಬಿದ್ದ ಹಾಗಾಯಿತು.

ನೀರಾಗಿರುವುದನ್ನು ಮಾತ್ರ ಬ್ಯಾಗಿನಲ್ಲಿ ಒಯ್ಯಬೇಡಿ. ಇದು ನನ್ನ ಸ್ವಂತ ಪಾಠ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೆಂಗಳೂರಿನ ಬಸ್ಸನ್ನು ಇನ್ನೂ ಬಿಟಿಎಸ್ ಅನ್ನುತ್ತಿದ್ದ ಕಾಲ, ಮುದ್ದೆ ಮತ್ತು ಬಸ್ಸಾರು ಕಟ್ಟಿಕೊಂಡು ಹೊರಟಿದ್ದೆ. ಮಾರ್ಕೆಟ್ ಹತ್ತಿರ ಬಸ್ಸು ಗಕ್ಕಂತ ನಿಂತಿತು. ಇಳಿಯುವಾಗ ನೋಡಿದರೆ ಬ್ಯಾಗಿನೊಳಗೆ ಬಸ್ಸಾರಿನ ಕೆರೆ, ಅದರೊಳಗೆ ನನ್ನ ಕೇಸ್ ಶೀಟುಗಳು (ರೋಗಿಗಳ ವಿವರದ ಹಾಳೆಗಳು). ಬೆಳ್ಳುಳ್ಳಿ ವಾಸನೆ ಆ ಬ್ಯಾಗಿನಿಂದ ಕೊನೆಗೂ ಹೋಗಲಿಲ್ಲ. ಆಮೇಲೆ ಒಂದು ಉಪಾಯ ಕಂಡುಕೊಂಡೆ. ಬಸ್ಸಾರಿನಲ್ಲಿ ಹೇಗೂ ಎರಡು ಪಾಲು ಇರುತ್ತದಲ್ಲ, ಕಾಳು ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ ಸಾರು, ಉಳಿದದ್ದು ಪಲ್ಯ. ಸಾರು ರಾತ್ರಿ ಮನೆಯಲ್ಲಿ ಅನ್ನಕ್ಕೆ, ಪಲ್ಯ ಮರುದಿನ ಡಬ್ಬಿಗೆ. ನೀವೂ ಹಾಗೇ ಮಾಡಬಹುದು. ಕಡಲೆಕಾಳು, ಹುರಳಿ ಬೇಯಿಸಿದ ನೀರನ್ನು ಚೆಲ್ಲಬೇಡಿ, ಹುರಳಿ ಕಟ್ಟಿನ ಸಾರಿಗೆ ರಾತ್ರಿ ಊಟ ಹೇಗೆ ಮುಗಿಯುತ್ತದೆ ಅಂತ ನೀವೇ ನೋಡಿ.

ಒಂದು ಎಚ್ಚರಿಕೆ. ವರ್ಷವಿಡೀ ಬ್ರೆಡ್ಡು ತಿಂದ ಹೊಟ್ಟೆಗೆ ಇಷ್ಟು ಕಾಳು ಹೊಸದು. ಮೊದಲ ದಿನವೇ ದೊಡ್ಡ ಡಬ್ಬಿ ತುಂಬ ತಿಂದರೆ ಮಧ್ಯಾಹ್ನದ ಮೀಟಿಂಗು ಕಷ್ಟವಾದೀತು. ಮೊದಲ ವಾರ ಅರ್ಧ ಮುಷ್ಟಿಯಿಂದ ಶುರು ಮಾಡಿ, ಮೊದಲು ಹೆಸರುಕಾಳು, ಆಮೇಲೆ ಅಲಸಂದೆ, ಕಡಲೆ. ನೆನೆಸಿದ ನೀರನ್ನು (ಬೇಯಿಸಿದ ನೀರನ್ನಲ್ಲ) ಚೆಲ್ಲಿ. ಮೊಳಕೆ ಬಂದ ಕಾಳಿನಲ್ಲಿ ಗ್ಯಾಸ್ ಮಾಡುವ ಸಕ್ಕರೆಗಳು ಕಡಿಮೆಯಾಗಿರುತ್ತವೆ. ಇಂಗು, ಶುಂಠಿ ನಮ್ಮ ಹಿರಿಯರು ಸುಮ್ನೆ ಹಾಕುತ್ತಿರಲಿಲ್ಲ. ನೀರು ಚೆನ್ನಾಗಿ ಕುಡಿಯಿರಿ.

ತರಕಾರಿಗೆ ದೊಡ್ಡ ಯೋಚನೆ ಬೇಡ. ಆ ಕಾಲದಲ್ಲಿ ಯಾವುದು ಅಗ್ಗವೋ ಅದು. ಹಾಪ್‌ಕಾಮ್ಸ್ ತರಕಾರಿ ಅಂಗಡಿಯ ಬೋರ್ಡಿನಲ್ಲಿ ದಿನದ ದರ ಬರೆದಿರುತ್ತಾರೆ, ಆಫೀಸಿಂದ ಬರುವಾಗ ಕಣ್ಣಾಡಿಸಿ. ಅವಕಾಡೊ ಬಗ್ಗೆ ಕೇಳಿದಿರಿ: ಅದು ನಮ್ಮ ಬೆಣ್ಣೆಹಣ್ಣೇ, ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯುತ್ತದೆ. ಸೀಸನ್ನಿನಲ್ಲಿ ಅಗ್ಗವಾಗಿ ಸಿಕ್ಕರೆ ತಿನ್ನಿ, ಹಡಗಿನಲ್ಲಿ ಬಂದಿದ್ದಕ್ಕೆ ದುಡ್ಡು ಸುರಿಯಬೇಡಿ. ಮಂಡಕ್ಕಿ ಮಾತ್ರ ಊಟದ ಲೆಕ್ಕಕ್ಕೆ ಬರುವುದಿಲ್ಲ, ದಾವಣಗೆರೆಯವರಿಗೆ ಈ ಮಾತು ಹೇಳಲು ನನಗೂ ಸ್ವಲ್ಪ ಭಯವೇ! ಅದರ ಜಾಗ ನಾಲ್ಕು ಗಂಟೆಗೆ. ಪಫ್ ಬದಲು ಮಂಡಕ್ಕಿ, ಹುರಿದ ಶೇಂಗಾ, ಪುಟಾಣಿ ಒಂದು ಡಬ್ಬಿಯಲ್ಲಿ ಟೇಬಲ್ಲಿನ ಡ್ರಾಯರಿನಲ್ಲಿರಲಿ.

ಬ್ರೆಡ್ಡನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ವಾರಕ್ಕೊಂದು ದಿನ ಇರಲಿ, ಆದರೆ ಮಯೊನೀಸ್ ಬದಲು ಕಾಳು ತುಂಬಿ. ಬೆಂದ ಕಡಲೆಕಾಳನ್ನು ಮಿಕ್ಸಿಯಲ್ಲಿ ತರಿಯಾಗಿ ತಿರುಗಿಸಿ, ಕೊತ್ತಂಬರಿ ಚಟ್ನಿ, ಈರುಳ್ಳಿ, ನಿಂಬೆರಸ ಸೇರಿಸಿ ದಪ್ಪಗೆ ಹಚ್ಚಿ.

ಇನ್ನು ಏಳಲು ತಡವಾದ ದಿನ, ಕರೆಂಟು ಹೋದ ದಿನ, ಏನೂ ಬೇಡ ಅನ್ನಿಸಿದ ದಿನ ಇದ್ದೇ ಇರುತ್ತದೆ. ಆಫೀಸಿನ ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ಅಲ್ಲಿಗೆ ಹೋಗಲು ಸಂಕೋಚಪಡಬೇಡಿ. 2017ರ ಆಗಸ್ಟಿನಲ್ಲಿ ಶುರುವಾದಾಗ ಮಧ್ಯಾಹ್ನದ ಊಟಕ್ಕೆ ಇಟ್ಟ ದರ 10 ರೂಪಾಯಿ. ಮನೆಯಿಂದ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಶೇಂಗಾ ಒಯ್ದರೆ ಅದೇ ಒಳ್ಳೆಯ ಊಟ. ಅದೂ ಇಲ್ಲವೆಂದರೆ ಮೊಸರವಲಕ್ಕಿ. ತೆಳು ಅವಲಕ್ಕಿ ಒಂದು ಪೊಟ್ಟಣದಲ್ಲಿ, ಮೊಸರು ಒಂದು ಡಬ್ಬಿಯಲ್ಲಿ, ಶೇಂಗಾ ಪುಡಿ ಮತ್ತು ಪುಟಾಣಿ ಇನ್ನೊಂದರಲ್ಲಿ. ಒಲೆ ಹಚ್ಚಬೇಕಿಲ್ಲ. ಊಟದ ಹೊತ್ತಿಗೆ ಮೂರನ್ನೂ ಕಲಸಿ, ನಾಲ್ಕು ನಿಮಿಷ ನೆನೆಯಲು ಬಿಟ್ಟು ತಿನ್ನಿ. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಎಷ್ಟು ಬಂತು ಅಂತ ನನಗೂ ಬರೆಯಿರಿ.